ನಾನೂರ ಹನ್ನೆರಡು ಜನ

ತಕರಾರಮ್ಮ ಎಂದು ಅವಳಿಗೆ ಹೆಸರಿಟ್ಟವರು ಯಾರೆಂದು ಕೇಳಿದರೆ ಕಚೇರಿಯಲ್ಲಿ ಒಬ್ಬರೂ ಬಾಯಿ ಬಿಡುವುದಿಲ್ಲ. ಕರೆಯುವುದು ಮಾತ್ರ ಎಲ್ಲರೂ ಹಾಗೆಯೇ. ಹೆಸರಿಗೆ ತಕ್ಕ ಹೆಂಗಸು, ಅದರಲ್ಲಿ ಎರಡು ಮಾತಿಲ್ಲ. ವಯಸ್ಸು ನಲವತ್ತೇಳು, ಕೋಪ ಮೂಗಿನ ತುದಿಯಲ್ಲಿ, ಕೆಲಸ ವಿಡಿಯೋ ಗೇಮ್ ಆಡುವುದು. ನಗಬೇಡಿ. ಆಡುವುದು ಎಂದರೆ ಸೋಫಾದ ಮೇಲೆ ಕಾಲು ಚಾಚಿಕೊಂಡು ಹೊತ್ತು ಕಳೆಯುವುದಲ್ಲ. ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಮಾಸಪತ್ರಿಕೆಯ ಕಚೇರಿಯಲ್ಲಿ, ಕಿಟಕಿ ಪಕ್ಕದ ಉದ್ದನೆಯ ಮೇಜಿನ ಮೇಲೆ ಅವಳದ್ದು ಮೂರು ಪರದೆ, ಮೂರು ಯಂತ್ರ. ಒಂದು ದುಬಾರಿ ಕಂಪ್ಯೂಟರ್, ಟಿವಿಗೆ ಸಿಕ್ಕಿಸುವ ಆಟದ ಪೆಟ್ಟಿಗೆ, ಅಂದರೆ ಕನ್ಸೋಲ್, ಹೊಸದೊಂದು, ಹಳೇದೊಂದು. ಹೊಸ ಆಟ ಬಂದರೆ ಒಂದೇ ಬಾಗಿಲನ್ನು ಮೂರರಲ್ಲೂ ತೆರೆದು, ಎಲ್ಲಿ ಬೇಗ ತೆರೆಯಿತು, ಎಲ್ಲಿ ತಡವರಿಸಿತು ಎಂದು ಗಡಿಯಾರ ಹಿಡಿದು ಬರೆದುಕೊಳ್ಳುತ್ತಿದ್ದಳು. ಒಬ್ಬನೇ ಶತ್ರುವನ್ನು ಮೂರು ಸಲ ಹೊಡೆಯುತ್ತಿದ್ದಳು, ಮೂರು ಸಲ ಅವನ ಕೈಲಿ ಸಾಯುತ್ತಿದ್ದಳು. ಆಮೇಲೆ ಹತ್ತಕ್ಕೆ ಇಷ್ಟು ಎಂದು ಒಂದು ಅಂಕ. ಹನ್ನೊಂದು ವರ್ಷದಿಂದ ಇದೇ ಪಾಡು, ಮತ್ತು ಓದುಗರು ಆ ಅಂಕವನ್ನು ನಂಬುತ್ತಿದ್ದರು.

ಈ ಸಲ ಅವಳು ಎಡವಿದಳು. ಎರಡು ತಿಂಗಳ ಹಿಂದೆ ಹಳೇ ಕನ್ಸೋಲಿನ ಫ್ಯಾನ್ ಸುಟ್ಟು ಅದು ಮೂಲೆ ಸೇರಿತ್ತು. ಬೇರೆ ತರಿಸಿ ಎಂದರೆ ಸಂಪಾದಕರು "ನೋಡೋಣ, ನೋಡೋಣ" ಎಂದು ಅಡ್ಡಗೋಡೆ ಮೇಲೆ ದೀಪ ಇಟ್ಟರು. ಅಷ್ಟರಲ್ಲಿ ವರ್ಷವಿಡೀ ಎಲ್ಲರೂ ಕಾದಿದ್ದ ಆಟ ಬಂತು, 'ಕೊನೆಯ ಕಕ್ಷೆ'. ಕಂಪ್ಯೂಟರಿಗೊಂದು ಪ್ರತಿ, ಹೊಸ ಕನ್ಸೋಲಿಗೊಂದು ಪ್ರತಿ, ಜೊತೆಗೆ ಕಂಪನಿಯ ಕಾಗದ: ಹಳೇ ಕನ್ಸೋಲಿನ ಪ್ರತಿ ಅಂಗಡಿಗೆ ಬಂದ ದಿನವೇ ತಮಗೂ ಸಿಗುತ್ತದೆ, ಆದರೆ ಚಿಂತೆ ಬೇಡ, ಎಲ್ಲ ಯಂತ್ರಗಳಲ್ಲೂ ಅದೇ ಕತೆ, ಅದೇ ಅನುಭವ. ತಕರಾರಮ್ಮ ಆ ಮಾತನ್ನು ನಂಬಿದಳು. ತಕರಾರಿನವಳಿಗೂ ಒಮ್ಮೊಮ್ಮೆ ಸುಸ್ತಾಗುತ್ತದಲ್ಲ.

ಆಟವೂ ಅಂಥದ್ದೇ ಇತ್ತು, ಸುಳ್ಳು ಹೇಳಬಾರದು. ಎಲ್ಲೋ ದೂರದ ಒಂದು ಉಪಗ್ರಹ, ಅದರ ಹೊಟ್ಟೆಯಲ್ಲಿ ಗಣಿ, ಗಣಿಯಲ್ಲಿ ಉಸಿರಾಡುವ ಗಾಳಿಯೂ ಮಾಲೀಕರದ್ದೇ. ನೀವು ಅಲ್ಲಿನ ರಿಪೇರಿ ಕೆಲಸದವರು, ಒಂದು ಕೈ ಕಬ್ಬಿಣದ್ದು. ಆ ಕೈಗೆ ಒಂದೊಂದೇ ವಿದ್ಯೆ ಕಲಿಸುತ್ತಾ, ಕಾವಲಿನ ಯಂತ್ರಗಳ ಜೊತೆ ಬಡಿದಾಡುತ್ತಾ ಹೋಗಬೇಕು. ನಡುಮಧ್ಯೆ ಬರುತ್ತದೆ ನೆಲದಡಿಯ ರೈಲು ನಿಲ್ದಾಣ. ಅಲ್ಲಿ ನಾನೂರ ಹನ್ನೆರಡು ಜನ ಸಿಕ್ಕಿಕೊಂಡಿದ್ದಾರೆ, ಗಾಳಿ ಮುಗಿಯಲು ಹದಿನೆಂಟು ನಿಮಿಷ. ಅಷ್ಟರೊಳಗೆ ಹೋಗಿ ಕಬ್ಬಿಣದ ಬಾಗಿಲು ಎತ್ತಬೇಕು. ತಡವಾದರೆ ಖಾಲಿ ನಿಲ್ದಾಣ, ಸದ್ದಿಲ್ಲ, ಒಂದು ಮಾತಿಲ್ಲ. ಸಮಯಕ್ಕೆ ಸರಿಯಾಗಿ ಹೋದರೆ ಬಾಗಿಲಿನಡಿಯಿಂದ ಜನ ನುಗ್ಗಿ ಬರುತ್ತಾರೆ. ಮುದುಕರು, ಕಂಕುಳಲ್ಲಿ ಕೂಸು ಹಿಡಿದವರು, ಒಂದೇ ಚಪ್ಪಲಿ ಹಾಕಿಕೊಂಡವರು. ಯಾರೋ ಒಬ್ಬಾಕೆ ನಿಮ್ಮ ಕಬ್ಬಿಣದ ಕೈಯನ್ನು ಹಿಡಿದು ಬಿಡುವುದೇ ಇಲ್ಲ. ದುಬಾರಿ ಕಂಪ್ಯೂಟರಿನಲ್ಲಿ ಅದನ್ನು ನೋಡಿ ತಕರಾರಮ್ಮ ಕಚೇರಿಯಲ್ಲೇ ಗೊಳೋ ಎಂದು ಅತ್ತಿದ್ದಳು. ಹೊಸ ಕನ್ಸೋಲಿನಲ್ಲಿ ಆಡಿ ಇನ್ನೊಮ್ಮೆ ಅತ್ತಳು. ಒಂಬತ್ತು ಅಂಕ ಕೊಟ್ಟಳು.

ಭಾನುವಾರ ಫೋನಿನಲ್ಲಿ ಅಕ್ಕನಿಗೆ ಹೇಳಿದ್ದೂ ಅವಳೇ. "ನಿಲ್ದಾಣದ ಹತ್ರ ಬರೋವಾಗ ಪಕ್ಕದಲ್ಲಿ ಟವೆಲ್ ಇಟ್ಕೋ ಅಕ್ಕಾ, ಕರ್ಚೀಫು ಸಾಲಲ್ಲ."

ಅಕ್ಕ ಅವಳಿಗಿಂತ ಎಂಟು ವರ್ಷ ದೊಡ್ಡವಳು. ಮೂವತ್ತು ವರ್ಷ ಹೊಲಿಗೆ ಅಂಗಡಿಯಲ್ಲಿ ಪರದೆ, ಸೋಫಾ ಕವರು ಹೊಲಿದು ಬೆರಳಿನ ಗೆಣ್ಣುಗಳೆಲ್ಲ ಊದಿಕೊಂಡಿದ್ದವು. ಬೆರಳು ಆಡಿಸುತ್ತಿರಿ ಎಂದು ಡಾಕ್ಟರು ಒಂದು ರಬ್ಬರ್ ಚೆಂಡು ಕೊಟ್ಟರೆ, "ನಾನೇನು ಮಗುವಾ?" ಎಂದು ಅದನ್ನು ಡ್ರಾಯರಿಗೆ ಎಸೆದು, ಯಾರೋ ಮಾರಲಿಟ್ಟಿದ್ದ ಹಳೇ ಕನ್ಸೋಲ್ ತಂದುಕೊಂಡಿದ್ದಳು. ಕಂಟ್ರೋಲರಿನ ಗುಂಡಿ ಒತ್ತುವುದೇ ಅವಳ ವ್ಯಾಯಾಮ. ಮೂರು ವರ್ಷದಲ್ಲಿ ಎಂಥೆಂಥ ಯಂತ್ರರಾಕ್ಷಸರನ್ನು ಹೊಡೆದುರುಳಿಸಿದ್ದಳೋ ಲೆಕ್ಕವಿಲ್ಲ. ಸೋಮವಾರ ಅಂಗಡಿ ತೆರೆಯುವ ಹೊತ್ತಿಗೇ ಹೋಗಿ 'ಕೊನೆಯ ಕಕ್ಷೆ' ತಂದಳು, ಊಟ ಬಿಟ್ಟು ಆಡಿದಳು, ಸಂಜೆ ಫೋನ್ ಮಾಡಿದಳು.

"ಅಲ್ಲ ಕಣೇ, ಜನ ಬರ್ತಾರೆ ಅಂದ್ಯಲ್ಲ, ಎಲ್ಲಿ ಬರ್ತಾರೆ? ಬಾಗಿಲೆತ್ತಿದೆ, ಒಂದು ನರಪಿಳ್ಳೆ ಇಲ್ಲ."

ತಕರಾರಮ್ಮ ಆಗ ಬರಹ ತಿದ್ದುತ್ತಿದ್ದಳು. ಕಣ್ಣು ಪರದೆಯ ಮೇಲೆ, ಫೋನು ಕಿವಿ ಮತ್ತು ಭುಜದ ನಡುವೆ. "ನೀನು ತಡವಾಗಿ ಹೋಗಿರ್ತೀಯ ಅಕ್ಕಾ," ಎಂದಳು. "ಹದಿನೆಂಟು ನಿಮಿಷ ದಾಟಿದ್ರೆ ಎಲ್ಲರೂ ಹೋಗ್ಬಿಡ್ತಾರೆ. ಕೈ ಸ್ವಲ್ಪ ಚುರುಕು ಮಾಡ್ಕೋ."

ಎಷ್ಟು ಹಗುರವಾಗಿ ಅಂದುಬಿಟ್ಟಳು ನೋಡಿ. ಅಕ್ಕ "ಹೂಂ" ಎಂದು ಫೋನಿಟ್ಟಳು.

ಪತ್ರಿಕೆ ಅಚ್ಚಿಗೆ ಹೋಗುವುದು ಬುಧವಾರ ಸಂಜೆ ನಾಲ್ಕಕ್ಕೆ. ಆ ಬುಧವಾರ ಬೆಳಿಗ್ಗೆ ತಕರಾರಮ್ಮ ಕಚೇರಿಗೆ ಹೋಗುವ ದಾರಿಯಲ್ಲಿ ನೋವಿನ ಮುಲಾಮು ಕೊಡಲು ಅಕ್ಕನ ಮನೆಗೆ ಹೋದಳು. ಭಾವ ಆಗಲೇ ಕೆಲಸಕ್ಕೆ ಹೊರಟಿದ್ದರು. ಬಾಗಿಲು ಬರೀ ಮುಂದೆ ಮಾಡಿತ್ತು. ಒಳಗೆ ಅಕ್ಕ ಟಿವಿಯ ಮುಂದೆ ಮೊಣಕಾಲೂರಿ ಕೂತಿದ್ದಳು, ಎಡಗೈ ಬಿಸಿನೀರಿನ ಬೋಗುಣಿಯಲ್ಲಿ, ಬಲಗೈಯಲ್ಲಿ ಪೆನ್ಸಿಲು. ಹೊಲಿಗೆಯ ಅಳತೆ ಬರೆಯುವ ಹಳೇ ಪುಸ್ತಕದಲ್ಲಿ ಸಾಲಾಗಿ ಗೀಚಿತ್ತು. ಮೊದಲ ಸಲ ಹದಿನೇಳೂವರೆ. ಎರಡನೇ ಸಲ ಹದಿನಾರು ಮುಕ್ಕಾಲು. ಹೀಗೇ ಇಳಿಯುತ್ತಾ ಇಳಿಯುತ್ತಾ, ಏಳನೇ ಸಲ ಹದಿನಾಲ್ಕು ನಿಮಿಷ ಹತ್ತು ಸೆಕೆಂಡು.

"ಇದೇನಕ್ಕಾ ಇದು?"

"ಇನ್ನೂ ತಡ ಆಗ್ತಿದೆ ಕಣೇ," ಎಂದಳು ಅಕ್ಕ, ತಿರುಗಿ ನೋಡದೆ. "ನಮ್ಮ ಗೋಡೆ ಗಡಿಯಾರ ನಿಧಾನ ಓಡತ್ತೋ ಏನೋ, ಲೆಕ್ಕ ಸರಿ ಬರ್ತಿಲ್ಲ. ಎರಡನೇ ಮೆಟ್ಟಿಲ ಹತ್ರ ಕೈ ಹಿಡ್ಕೊಂಬಿಡತ್ತೆ. ದರಿದ್ರದ ಬೆರಳು. ಅಷ್ಟು ಜನ ಅಲ್ಲಿ ಸಾಯ್ತಿದಾರೆ, ಇದಕ್ಕೆ ಒಂದು ಗುಂಡಿ ಒತ್ತೋಕಾಗಲ್ಲ."

ತಕರಾರಮ್ಮ ಪುಸ್ತಕವನ್ನು ಇನ್ನೊಮ್ಮೆ ನೋಡಿದಳು. ಹದಿನೇಳೂವರೆ. ಹದಿನೆಂಟಕ್ಕೆ ಅರ್ಧ ನಿಮಿಷ ಕಡಿಮೆ. ಅಕ್ಕ ಮೊದಲ ಸಲವೂ ತಡ ಮಾಡಿರಲಿಲ್ಲ. ತಕರಾರಮ್ಮ ಬ್ಯಾಗು ಕೆಳಗಿಟ್ಟು, "ಕೊಡು ಇಲ್ಲಿ," ಎಂದು ಅಕ್ಕನ ಮಡಿಲಲ್ಲಿದ್ದ ಕಂಟ್ರೋಲರ್ ಕಿತ್ತುಕೊಂಡಳು.

ಅವಳಿಗೆ ಆ ದಾರಿಯ ಪ್ರತಿ ತಿರುವೂ ಬಾಯಿಪಾಠ. ಕಾವಲಿನ ಯಂತ್ರಗಳ ಜೊತೆ ಜಗಳಕ್ಕೆ ನಿಲ್ಲದೆ, ಗಾಳಿಕೊಳವೆಯೊಳಗೆ ನುಸುಳಿ, ಒಂಬತ್ತೇ ನಿಮಿಷಕ್ಕೆ ನಿಲ್ದಾಣ ಮುಟ್ಟಿದಳು. ಬಾಗಿಲೆತ್ತಿದಳು. ದೀಪ ಉರಿಯುತ್ತಿತ್ತು. ಉದ್ದನೆಯ ಕಟ್ಟೆ, ಕಂಬ, ಬೆಂಚು. ಬೆಂಚಿನ ಮೇಲೆ ಯಾರೂ ಇಲ್ಲ. ಕಂಬದ ಹಿಂದೆ ಯಾರೂ ಇಲ್ಲ. ಕೂಸಿಲ್ಲ, ಮುದುಕರಿಲ್ಲ, ಕೈ ಹಿಡಿಯುವ ಹೆಂಗಸಿಲ್ಲ. ಆ ತುದಿಯಿಂದ ಈ ತುದಿಗೆ ಎರಡು ಸಲ ಓಡಿದಳು. ನಂತರ ಪರದೆಯ ಮೇಲೆ ಮುಂದಿನ ಅಧ್ಯಾಯದ ಹೆಸರು ಬಂತು, ಏನೂ ಆಗಿಯೇ ಇಲ್ಲವೇನೋ ಎಂಬಂತೆ.

"ತೆಗೆದು ಹಾಕಿದಾರೆ," ಎಂದಳು ತಕರಾರಮ್ಮ. "ಅಕ್ಕಾ, ಅಷ್ಟೂ ಜನಾನ ತೆಗೆದು ಹಾಕಿದಾರೆ. ಈ ಯಂತ್ರದಲ್ಲಿ ಅವ್ರು ಇರಲೇ ಇಲ್ಲ."

ಅಕ್ಕ ಬೋಗುಣಿಯಿಂದ ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು, ಒಂದೊಂದೇ ಬೆರಳು.

"ಅಂದ್ರೆ ನಾನು ತಡ ಮಾಡಿಲ್ಲ."

"ಇಲ್ಲ."

"ಏಳು ಸಲ ಕಣೇ. ಏಳು ಸಲಾನೂ ನನ್ನ ಕೈಗೆ ಶಾಪ ಹಾಕಿದೆ. ಮೂವತ್ತು ವರ್ಷ ಅನ್ನ ಹಾಕಿದ ಕೈ." ಅಕ್ಕನ ದನಿ ಏರಲಿಲ್ಲ, ಅದೇ ಇನ್ನೂ ಕಷ್ಟವಾಯಿತು. "ಕಂಪನಿಯವ್ರನ್ನ ಬಿಡು, ಅವ್ರು ನಂಗೇನಾಗ್ಬೇಕು? ಚುರುಕು ಮಾಡ್ಕೋ ಅಂದಿದ್ದು ನೀನು."

ತಕರಾರಮ್ಮ ತಪ್ಪಾಯಿತು ಎನ್ನಬಹುದಿತ್ತು. ಅಷ್ಟಕ್ಕೇ ಮುಗಿಯುವ ತಪ್ಪಾಗಿದ್ದರೆ ಅನ್ನುತ್ತಿದ್ದಳೋ ಏನೋ. ನಾಲ್ಕು ಗಂಟೆಗೆ ಅವಳ ಹೆಸರಿನ ಕೆಳಗೆ ಒಂಬತ್ತು ಅಂಕ ಅಚ್ಚಾಗಲಿತ್ತು. ಓದುಗರಲ್ಲಿ ಹತ್ತಕ್ಕೆ ಆರು ಮಂದಿ ಈ ಹಳೇ ಪೆಟ್ಟಿಗೆಯಲ್ಲೇ ಆಡುವವರು. ಅವರೆಲ್ಲ ಆ ಒಂಬತ್ತನ್ನು ನಂಬಿ ಆಟ ತರುತ್ತಾರೆ, ಖಾಲಿ ನಿಲ್ದಾಣದಲ್ಲಿ ನಿಲ್ಲುತ್ತಾರೆ, ತಮ್ಮ ಕೈಯನ್ನೇ ಬೈದುಕೊಳ್ಳುತ್ತಾರೆ. ಅವಳು ಎದ್ದು ಟಿವಿಯ ಹಿಂದಿನ ವೈರುಗಳನ್ನು ಎಳೆಯತೊಡಗಿದಳು.

"ಏಯ್, ನನ್ನ ಪೆಟ್ಟಿಗೆ ಎಲ್ಲಿಗೆ ಒಯ್ತೀಯಾ?"

"ಕಚೇರಿಗೆ."

ಅಕ್ಕ ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ಒಳಗೆ ಹೋಗಿ ದಪ್ಪ ಬಟ್ಟೆಯ ಚೀಲ ತಂದು, ತಾನೇ ಪೆಟ್ಟಿಗೆಯನ್ನು ಅದರೊಳಗೆ ಇಳಿಸಿ ಕೊಟ್ಟಳು.

ಕಚೇರಿಯಲ್ಲಿ ಅಂದು ಹಬ್ಬದ ಕಳೆ. ಕೊನೆಯ ರಕ್ಷಾಪುಟಕ್ಕೆ 'ಕೊನೆಯ ಕಕ್ಷೆ'ಯ ಬಣ್ಣದ ಜಾಹೀರಾತು ತಂದಿದ್ದ ಕಂಪನಿಯ ಪ್ರಚಾರದ ಮನುಷ್ಯ, ಗರಿಗರಿ ಅಂಗಿ ಹಾಕಿಕೊಂಡು ಸಂಪಾದಕರ ಎದುರು ಕಾಫಿ ಕುಡಿಯುತ್ತಿದ್ದ. ಪುಟ ಜೋಡಿಸುವಾಕೆ, ಐವತ್ತು ದಾಟಿದ ಮಿತಭಾಷಿ, ಕೊನೆಯ ಪ್ರೂಫ್ ಹಿಡಿದು ಸಂಪಾದಕರ ಸಹಿಗಾಗಿ ಬಾಗಿಲಲ್ಲಿ ನಿಂತಿದ್ದಳು. ತಕರಾರಮ್ಮ ಯಾರಿಗೂ ನಮಸ್ಕಾರ ಹೇಳದೆ ಒಳಗೆ ನುಗ್ಗಿ, ಸಂಪಾದಕರ ಟಿವಿಗೆ ಪೆಟ್ಟಿಗೆ ಸಿಕ್ಕಿಸಿ, ಆಟವನ್ನು ಮತ್ತೆ ನಿಲ್ದಾಣದ ಬಾಗಿಲಿಗೆ ತಂದು ನಿಲ್ಲಿಸಿ, ಕಂಟ್ರೋಲರನ್ನು ಪ್ರಚಾರದವನ ಕೈಗೆ ತುರುಕಿದಳು.

"ಬಾಗಿಲು ಎದುರಿಗೇ ಇದೆ. ಎತ್ತಿ."

"ನಾನು ಆಡಲ್ಲ ಮೇಡಂ, ನಂದು ಬರೀ ಪ್ರಚಾರ..."

"ಒಂದೇ ಗುಂಡಿ. ಒತ್ತಿ."

ಅವನು ಒತ್ತಿದ. ಬಾಗಿಲು ಮೇಲೆ ಹೋಯಿತು. ಖಾಲಿ ಕಟ್ಟೆಯನ್ನು ಎಲ್ಲರೂ ನೋಡಿದರು. ಸಂಪಾದಕರು ಕನ್ನಡಕ ಮೇಲೇರಿಸಿಕೊಂಡು, "ಜನ ಇನ್ನೂ ಬರ್ಬೇಕಾ?" ಎಂದು ಕೇಳಿದರು. ಪಾಪ, ಅವರು ತಕರಾರಮ್ಮನ ಬರಹ ಓದಿದ್ದರು.

"ಬರಲ್ಲ ಸರ್. ಇವ್ರನ್ನ ಕೇಳಿ ಯಾಕೆ ಅಂತ."

ಪ್ರಚಾರದವನು ನಗಲು ನೋಡಿದ. "ಹಳೇ ಯಂತ್ರಕ್ಕೆ ಅಷ್ಟು ಜನಾನ ಒಟ್ಟಿಗೆ ತೋರಿಸೋ ತಾಕತ್ತಿಲ್ಲ ಮೇಡಂ. ಆಟ ಅಲ್ಲೇ ನಿಂತು ಹೋಗ್ತಿತ್ತಂತೆ. ಅದಕ್ಕೆ ಸ್ವಲ್ಪ ಹಗುರ ಮಾಡಿದಾರೆ, ಅಷ್ಟೇ."

"ನಾನೂರ ಹನ್ನೆರಡು ಜನ ನಿಮಗೆ ಸ್ವಲ್ಪಾನಾ?"

"ಕತೆ ಅದೇ ಅಲ್ವಾ ಮೇಡಂ. ಜನ ಇದಾರೆ ಅಂದ್ಕೊಂಡು ಆಡಿದ್ರೆ ಆಯ್ತು."

"ಅಂದ್ಕೊಳ್ಳಿ ಅಂತ ಡಬ್ಬಿ ಮೇಲೆ ಬರೆದಿದ್ದೀರಾ? ಯಾವ ಮೂಲೇಲಿ? ತೋರಿಸಿ. ತಡವಾಗಿ ಹೋದ್ರೂ ಖಾಲಿ, ಬೇಗ ಹೋದ್ರೂ ಖಾಲಿ. ಆಡೋರಿಗೆ ಹೇಗ್ರೀ ಗೊತ್ತಾಗ್ಬೇಕು? ಒಂದು ಸಾಲು ಹಾಕೋಕೆ ಏನಾಗಿತ್ತು?"

"ಹಾಗೆ ಬರೆದ್ರೆ ಯಾರು ತಗೋತಾರೆ ಮೇಡಂ?" ಎಂದುಬಿಟ್ಟ. ಅಂದ ಮೇಲೆ ಕಾಫಿ ಲೋಟದೊಳಗೆ ಮುಖ ಹುದುಗಿಸಿಕೊಂಡ.

ಸಂಪಾದಕರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಎಷ್ಟು ಸುಲಭವಾಗುತ್ತಿತ್ತು! ಹೆದರುವ ಸ್ವಭಾವ, ಅಷ್ಟೇ. ಮೇಜಿನ ಮೇಲಿನ ಕಾಗದಗಳನ್ನು ಆ ಕಡೆಯಿಂದ ಈ ಕಡೆಗಿಟ್ಟು, ಈ ಕಡೆಯಿಂದ ಆ ಕಡೆಗಿಟ್ಟು, ಬೆಣ್ಣೆಯಂಥ ದನಿಯಲ್ಲಿ ಶುರು ಮಾಡಿದರು. "ನೀವು ಹೇಳೋದು ಸರಿ. ಒಪ್ತೀನಿ. ಈ ಸಲ ಒಂಬತ್ತು ಹಾಗೇ ಹೋಗ್ಲಿ. ಮುಂದಿನ ತಿಂಗಳು ಒಂದು ಸ್ಪಷ್ಟನೆ ಹಾಕೋಣ."

"ಈ ತಿಂಗಳು ದುಡ್ಡು ಕೊಟ್ಟು ತಂದವ್ರು ಮುಂದಿನ ತಿಂಗಳು ಓದ್ಕೊಂಡು ಏನ್ಮಾಡ್ಬೇಕು ಸರ್?"

"ಹಾಗಾದ್ರೆ ನಿಮ್ಮ ಹೆಸರು ತೆಗೀತೀನಿ. 'ನಮ್ಮ ತಂಡದಿಂದ' ಅಂತ ಹಾಕ್ತೀನಿ. ನಿಮಗೂ ತೊಂದರೆ ಇಲ್ಲ."

"ಹೆಸರು ಬೇಕಾದ್ರೆ ಇಟ್ಕೊಳ್ಳಿ. ಆ ಒಂಬತ್ತು ನಂದು. ಅದನ್ನ ವಾಪಸ್ ಕೊಡಿ."

ಆಗ ಪುಟ ಜೋಡಿಸುವಾಕೆ ಬಾಗಿಲಿನಿಂದ ಒಂದು ಹೆಜ್ಜೆ ಒಳಗೆ ಬಂದಳು. ಪ್ರೂಫನ್ನು ಸಂಪಾದಕರ ಮುಂದೆ ಹರಡಿ, ಪುಟದ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿದ್ದ ಸಾಲಿನ ಮೇಲೆ ಬೆರಳಿಟ್ಟಳು. ಪ್ರತಿ ಸಂಚಿಕೆಯಲ್ಲೂ ಬೀಳುವ, ಯಾರೂ ಕಣ್ಣು ಹಾಯಿಸದ ಸಾಲು: ಪ್ರತಿ ಆಟವನ್ನೂ ಪ್ರತಿ ಯಂತ್ರದಲ್ಲೂ ಆಡಿ ನೋಡಿಯೇ ಬರೆಯುತ್ತೇವೆ.

"ಎರಡರಲ್ಲಿ ಒಂದು ತೆಗೀಬೇಕಾಗತ್ತೆ ಸರ್," ಎಂದಳು. "ಒಂಬತ್ತಾದ್ರೂ ತೆಗೀಬೇಕು, ಈ ಸಾಲಾದ್ರೂ ತೆಗೀಬೇಕು. ಯಾವುದು ಅಂತ ನೀವೇ ಹೇಳಿ. ನಾನಾಗಿ ಕೈ ಹಾಕಲ್ಲ."

ಆ ಸಾಲನ್ನು ಮೊದಲ ಸಂಚಿಕೆಗೆ ಬರೆದದ್ದು ಸಂಪಾದಕರೇ. ಆಗ ಅವರಿಗೆ ತಲೆ ತುಂಬ ಕೂದಲಿತ್ತು, ಯಾರ ಭಯವೂ ಇರಲಿಲ್ಲ ಎಂದು ಹಳಬರು ಹೇಳುತ್ತಾರೆ. ಅವರು ಸಾಲಿನ ಮೇಲಿಂದ ಕಣ್ಣೆತ್ತಲಿಲ್ಲ. ಪ್ರಚಾರದವನು ಗಂಟಲು ಸರಿಮಾಡಿಕೊಂಡು, ಅಂಕ ಕದಲಿದರೆ ಜಾಹೀರಾತೂ ಕದಲುತ್ತದೆ, ಇನ್ನು ಮುಂದೆ ಆಟಗಳ ಪ್ರತಿಗಳೂ ಬರುವುದಿಲ್ಲ ಎಂದು ನಯವಾಗಿಯೇ ತಿಳಿಸಿದ.

"ಕಳಿಸ್ಬೇಡಿ," ಎಂದಳು ತಕರಾರಮ್ಮ. "ಅಂಗಡೀಲಿ ಸಾಲಲ್ಲಿ ನಿಂತು ತಗೋತೀವಿ. ಎಲ್ರೂ ಹಾಗೇ ತಾನೇ ತಗೊಳ್ಳೋದು? ಆಗ ನಿಮ್ಮ ಕಾಗದ ನಂಬೋ ದಡ್ಡತನವೂ ತಪ್ಪತ್ತೆ." ಸಂಪಾದಕರ ಕಡೆ ತಿರುಗಿದಳು. "ಮೂರು ಗಂಟೆವರೆಗೆ ಟೈಮ್ ಕೊಡಿ ಸರ್. ಬರೆದು ತರ್ತೀನಿ. ಆಮೇಲೆ ನೀವು ನನ್ನನ್ನ ಏನು ಬೇಕಾದ್ರೂ ಮಾಡಿ."

ಉತ್ತರಕ್ಕೆ ಕಾಯಲಿಲ್ಲ. ಕಿಟಕಿ ಪಕ್ಕದ ಮೇಜಿಗೆ ಹೋಗಿ ಕೂತು, ಹೊಗಳಿ ಬರೆದಿದ್ದ ಎರಡು ಪುಟದಲ್ಲಿ ಅರ್ಧವನ್ನು ಅಳಿಸಿ ಹಾಕಿದಳು. ಕೆಳಗೆ ಅಂಗಡಿಯಲ್ಲಿ ಟೈರಿಗೆ ಗಾಳಿ ತುಂಬುವ ಸದ್ದು. ಕಂಪ್ಯೂಟರಿಗೆ ಒಂಬತ್ತು ಎಂದು ಬರೆದಳು, ಏಕೆಂದರೆ ಅಲ್ಲಿ ಆಟ ಒಂಬತ್ತರದ್ದೇ, ಕೋಪಕ್ಕೆ ಅದನ್ನು ಎಂಟು ಮಾಡುವುದು ಮೋಸ. ಹೊಸ ಕನ್ಸೋಲಿಗೆ ಎಂಟೂವರೆ. ಹಳೇ ಕನ್ಸೋಲಿನ ಮುಂದೆ ಅಂಕ ಹಾಕಲಿಲ್ಲ. ಆ ಜಾಗದಲ್ಲಿ ಹೀಗೆ ಬರೆದಳು:

"ಈ ಯಂತ್ರದಲ್ಲಿ ಆಡುವವರು ದಯವಿಟ್ಟು ಕೇಳಿ. ನಿಲ್ದಾಣ ಖಾಲಿ ಇದ್ದರೆ ಅದು ನಿಮ್ಮ ತಪ್ಪಲ್ಲ. ನೀವು ತಡ ಮಾಡಿಲ್ಲ, ನಿಮ್ಮ ಕೈ ನಿಧಾನವಲ್ಲ. ಅಲ್ಲಿದ್ದ ನಾನೂರ ಹನ್ನೆರಡು ಜನರನ್ನು ಆಟ ಮಾಡಿದವರೇ ತೆಗೆದುಹಾಕಿದ್ದಾರೆ ಮತ್ತು ನಿಮಗೆ ಹೇಳಿಲ್ಲ. ನಾನೂ ಇದರಲ್ಲಿ ಆಡಿ ನೋಡದೆಯೇ ಅಂಕ ಕೊಟ್ಟಿದ್ದೆ. ಒಬ್ಬರು ಫೋನ್ ಮಾಡಿ ಜನ ಎಲ್ಲಿ ಎಂದು ಕೇಳಿದಾಗ, ಚುರುಕಾಗಿ ಆಡಿ ಎಂದು ಅವರಿಗೇ ಬುದ್ಧಿ ಹೇಳಿದೆ. ಹನ್ನೊಂದು ವರ್ಷದಲ್ಲಿ ನಾನು ಮಾಡಿದ ಅತ್ಯಂತ ಕೆಟ್ಟ ವಿಮರ್ಶೆ ಅದು."

ಮೂರೂವರೆಗೆ ಪ್ರೂಫ್ ಹೊರಬಂತು. ಪ್ರಚಾರದವನು ಜಾಹೀರಾತಿನ ಲಕೋಟೆಯನ್ನು ಕಂಕುಳಲ್ಲಿ ಇಟ್ಟುಕೊಂಡು ಆಗಲೇ ಮೆಟ್ಟಿಲಿಳಿದು ಹೋಗಿದ್ದ. ಸಂಪಾದಕರು ನಿಂತುಕೊಂಡೇ ಓದಿದರು, ಮತ್ತೆ ಕೂತು ಓದಿದರು. ಪೆನ್ನು ತೆಗೆದು ಅಡಿಯಲ್ಲಿ ಸಹಿ ಹಾಕಿದರು.

"ಪುಟ ಹೋಗ್ಲಿ," ಎಂದರು ಪುಟ ಜೋಡಿಸುವಾಕೆಗೆ. ಆಮೇಲೆ ತಕರಾರಮ್ಮನಿಗೆ, ಅವಳ ಮುಖ ನೋಡದೆ: "ಇನ್ನು ನಿಮ್ಮನ್ನ ಇಟ್ಕೊಳ್ಳೋಕೆ ನನ್ನ ಕೈಲಿ ಆಗಲ್ಲ. ಸೋಮವಾರದಿಂದ ಬರಬೇಡಿ."

"ಸರಿ ಸರ್," ಎಂದಳು. ಬೈಯಬೇಕೆಂದುಕೊಂಡಿದ್ದಳು, ನಾಲಿಗೆಯ ತುದಿಯಲ್ಲಿ ನಾಲ್ಕು ಮಾತು ಸಿದ್ಧವೂ ಇದ್ದವು. ಆದರೆ ಸಹಿ ಹಾಕಿದ ಮನುಷ್ಯನನ್ನು ಏನೆಂದು ಬೈಯುವುದು? ಭಯ ಇತ್ತು, ಇಲ್ಲ ಎಂದರೆ ಸುಳ್ಳಾದೀತು. ಈ ವಯಸ್ಸಿನಲ್ಲಿ ಆಟವಾಡುವ ಕೆಲಸ ಇನ್ನೆಲ್ಲಿ ಸಿಗುತ್ತದೆ? ಅದರ ಜೊತೆಗೇ, ಕೊರಳಿಗೆ ಬಿಗಿದಿದ್ದ ಏನನ್ನೋ ಬಿಚ್ಚಿದ ಹಾಗೆ ಉಸಿರು ಸಲೀಸಾಗಿ ಆಡುತ್ತಿತ್ತು. ಪೆಟ್ಟಿಗೆಯನ್ನು ಚೀಲಕ್ಕಿಳಿಸಿ, ಮೇಜಿನ ಮೇಲಿದ್ದ ತನ್ನ ಗಡಿಯಾರವನ್ನೂ ಅದರೊಳಗೆ ಹಾಕಿಕೊಂಡು ಹೊರಟಳು.

ಬೀದಿಗೆ ಬಂದು ನಿಂತಾಗ ಅಕ್ಕನ ಫೋನ್ ಬಂತು. "ಏನಾಯ್ತೇ?"

"ಪುಟ ಹೋಯ್ತು ಅಕ್ಕಾ. ಇದ್ದದ್ದು ಇದ್ದ ಹಾಗೆ ಬರೆದೆ, ನಾನು ನಿನಗೆ ಅಂದಿದ್ದನ್ನೂ ಸೇರಿಸಿ." ಸ್ವಲ್ಪ ತಡೆದು ಹೇಳಿದಳು, "ಕೆಲಸಾನೂ ಹೋಯ್ತು."

ತಕರಾರಮ್ಮ ಕಾದಳು. ಸಮಾಧಾನದ ಮಾತು ಬರಬಹುದು ಅಥವಾ ಬೈಗುಳ, ಎರಡಕ್ಕೂ ತಯಾರಾಗಿಯೇ ನಿಂತಿದ್ದಳು.

"ನನ್ನ ಪೆಟ್ಟಿಗೆ ಎಲ್ಲಿ?" ಎಂದಳು ಅಕ್ಕ.

"ಕೈಯಲ್ಲೇ ಇದೆ."

"ಹಾಗಿದ್ರೆ ನಿಂತ್ಕೊಂಡು ಏನ್ಮಾಡ್ತಿದ್ದೀಯಾ? ಇನ್ನೂ ಆರು ಅಧ್ಯಾಯ ಬಾಕಿ ಇದೆ. ಅಲ್ಲಿ ಇನ್ನೂ ಯಾರ್ಯಾರನ್ನ ತೆಗೆದುಹಾಕಿದಾರೋ, ಒಬ್ಬೊಬ್ರನ್ನೇ ಹುಡುಕೋಣ ಬಾ."